ನಾಲ್ಕು ಗಾಡಿ ತೇಗ ನುಂಗಿದವರು

"ನನ್ನ ರಾಜ್ಯದಲ್ಲಿ ಒಂದು ಕಡ್ಡಿ ಅಲ್ಲಾಡಿದರೂ ನನಗೆ ಗೊತ್ತಾಗುತ್ತೆ!" ಎಂದು ಉದ್ದಂಡರಾಯ ಮೀಸೆ ತಿರುವಿದ. ಪಾಪ, ಕಾಣೆಯಾಗಿದ್ದು ಕಡ್ಡಿಯಲ್ಲ, ನಾಲ್ಕು ಗಾಡಿ ತೇಗ.

ಹೊಸ ಅರಮನೆಗೆಂದು ಹತ್ತು ಗಾಡಿ ದಿಮ್ಮಿ ಬಡಗಿ ಮೌನೇಶಾಚಾರಿಯ ಅಂಗಳಕ್ಕೆ ಹೋಗಿತ್ತು. ಬಾಗಿಲು, ಕಿಟಕಿ, ಕಂಬ ಎಲ್ಲಾ ಆಗಿ ವಾಪಸ್ ಬಂದದ್ದು ಆರೇ ಗಾಡಿ.

"ಉಳಿದದ್ದನ್ನು ನುಂಗಿದೆಯೇನೋ? ನಾಳೆ ಮಧ್ಯಾಹ್ನ ಇವನ ಬಲಗೈ ಕತ್ತರಿಸಿ!"

ಆಚಾರಿ ಬಲಗೈಯನ್ನು ಎದೆಗವಚಿಕೊಂಡ. ಉಳಿ ಹಿಡಿಯುವ ಕೈ ಹೋದರೆ ಬಡಗಿಗೆ ಇನ್ನೇನು ಉಳಿಯಿತು? ಆಸ್ಥಾನದ ವಿದೂಷಕ ಸಂಗಣ್ಣ ಇದನ್ನೆಲ್ಲ ನೋಡುತ್ತಿದ್ದ. ಮರ ಕೊಯ್ದರೆ ತೊಗಟೆ, ಚಕ್ಕೆ, ಹೊಟ್ಟು ಉದುರಲೇಬೇಕಲ್ಲ! ಆದರೆ ಸಿಟ್ಟು ನೆತ್ತಿಗೇರಿದ ರಾಜನಿಗೆ ಅದನ್ನು ಹೇಳುವವರು ಯಾರು?

ಸಂಗಣ್ಣ ಕೈಮುಗಿದ. "ಇವನೊಬ್ಬನನ್ನೇ ಹಿಡಿದರೆ ಹೇಗೆ ಪ್ರಭು? ಆ ಮರ ಎಲ್ಲೆಲ್ಲಿ ಸೇರಿದೆಯೋ!"

"ಹುಡುಕು! ಒಂದು ಚೂರು ಸಿಕ್ಕರೂ ಜಪ್ತಿ ಮಾಡು. ಬಳಸಿದವನ ಕೈಯೂ ಹೋಗಲಿ!"

"ಅವರು ಯಾರೇ ಆಗಲಿ?"

"ಯಾರೇ ಆಗಲಿ! ನಮ್ಮ ಮಾವನೇ ಆಗಲಿ!" ಮಾವ ಎನ್ನುವಾಗ ರಾಜನ ಮುಖದಲ್ಲಿ ತುಸು ಆಸೆಯೂ ಇಣುಕಿತು.

ಮಾರನೆಯ ಬೆಳಗ್ಗೆ ರಾಜ ತಲೆತುಂಬ ಸೀಗೆಪುಡಿ ತಿಕ್ಕಿಕೊಂಡು ಒಂದು ಚೊಂಬು ನೀರು ಸುರಿದುಕೊಂಡ. ಅಬ್ಬಬ್ಬಾ, ಮಂಜುಗಡ್ಡೆ!

"ಯಾರಲ್ಲಿ! ಬಿಸಿನೀರೆಲ್ಲಿ?"

ಬಚ್ಚಲ ಬಾಗಿಲಾಚೆ ಸಂಗಣ್ಣ ನಿಂತಿದ್ದ. "ಹಂಡೆಯೊಲೆಯಲ್ಲಿ ಕಳ್ಳಮಾಲು ಉರಿಯುತ್ತಿತ್ತು ಪ್ರಭು. ಆಚಾರಿಯ ಅಂಗಳದ ತೊಗಟೆ, ಚಕ್ಕೆ. ನೀರು ಹೊಯ್ದು ಜಪ್ತಿ ಮಾಡಿದೆ."

"ಹಾಳಾಗಿ ಹೋಗಲಿ! ಬಿಸಿ ಬಿಸಿ ದೋಸೆಯಾದರೂ ತರಿಸು!"

"ಅಡುಗೆಮನೆಯದು ಹೊಟ್ಟಿನ ಒಲೆ. ಆ ಹೊಟ್ಟೂ ಅದೇ ತೇಗದ್ದು. ಜಪ್ತಿ! ದೋಸೆ ಒಂದು ಕಡೆ ಬೆಂದಿದೆ, ತರಲೇ?"

ರಾಜ ಪಂಚೆ ಸುತ್ತಿಕೊಂಡು, ಉರಿಯುವ ಕಣ್ಣು ಕಿರಿದು ಮಾಡಿಕೊಂಡು ಗಡಗಡ ನಡುಗುತ್ತ ಹೊರಗೆ ಬಂದ. "ಲೋ, ಬಚ್ಚಲು ನನ್ನದು, ಅಡುಗೆಮನೆ ನನ್ನದು! ಎಲ್ಲಾ ನನ್ನ ಮನೆಗೇ ಬಂದಿದ್ದರೆ ಕಳ್ಳ ಯಾರೋ?"

"ಅದಕ್ಕೇ ಬಂದೆ. ಉಳಿದ ಇದ್ದಿಲು ಕುಟ್ಟಿ ಯಾರಿಗೋ ಹಲ್ಲುಪುಡಿ ಮಾಡಿಕೊಟ್ಟಿದ್ದಾರಂತೆ. ಪ್ರಭುಗಳು ಒಂಚೂರು ಬಾಯಿ ತೆಗೆಯಬೇಕು."

ರಾಜ ಗಬಕ್ಕನೆ ಬಾಯಿ ಮುಚ್ಚಿದ. ಹಲ್ಲಿನ ಸಂದಿಯಲ್ಲಿ ಕಪ್ಪು ಇನ್ನೂ ಉಳಿದಿತ್ತು.

ಸಂಗಣ್ಣ ಸೊಂಟ ಬಗ್ಗಿಸಿ, ತುಂಬಾ ವಿನಯದಿಂದ ಕೇಳಿದ: "ಪ್ರಭುಗಳು ಇವತ್ತು ಹಲ್ಲುಜ್ಜಿದ್ದು ಯಾವ ಕೈಯಲ್ಲಿ?"

ರಾಜ ತನ್ನ ಬಲಗೈ ನೋಡಿಕೊಂಡ. ಆಮೇಲೆ ನಗು ತಡೆಯಲಾರದೆ ಗೋಡೆಗೊರಗಿದ. "ಅಯ್ಯೋ, ಆಚಾರಿಯನ್ನು ಬಿಟ್ಟುಬಿಡ್ರೋ! ಮೊದಲು ಒಲೆ ಹಚ್ಚಿ!"

ಕೊರಳ ಮುತ್ತಿನ ಸರ ಕಿತ್ತು ಸಂಗಣ್ಣನಿಗೆ ಕೊಟ್ಟ. ಕೊಟ್ಟದ್ದು ಎಡಗೈಯಲ್ಲಿ, ಬಲಗೈಯನ್ನು ಪಂಚೆಯೊಳಗಿಂದ ಹೊರಗೇ ತೆಗೆಯಲಿಲ್ಲ.