ತಾನಾಗಿ ಕೂಡುವ ಲೈನು

"ಅಪ್ಪಾರ, ತಂಗಿ ಅಂದ ಒಂದು ಮಾತಿಗೆ ನಿಂತ ಕಾಲ ಮ್ಯಾಲ ಸಂಬಂಧ ಕಡಕೊಂಡು ಬಂದೀನಿ. ನಾ ಮಾಡಿದ್ದು ತಪ್ಪೇನ್ರಿ?" ಎಂದು ಬಸಲಿಂಗವ್ವ ಮಠದ ಗುರುಗಳನ್ನು ಕೇಳಿದಳು. ತಂಗಿ ಆಮೇಲೆ ಹಲವು ಸಲ ಹೇಳಿ ಕಳಿಸಿದ್ದಳು, ಈಕೆ ಓಗೊಟ್ಟಿರಲಿಲ್ಲ. ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನ ಹೊರಗೆ ವಿದ್ಯುತ್ ಸ್ಟೇಷನ್ ಇತ್ತು. ದೂರದ ಅಣೆಕಟ್ಟಿನಿಂದ ಗುಡ್ಡ ಹತ್ತಿಳಿದು ಬರುವ ದೊಡ್ಡ ಲೈನು ಅಲ್ಲಿಗೆ ಬಂದು ಮುಟ್ಟುತ್ತಿತ್ತು. ಅದನ್ನು ಕಾಯಲು ಒಬ್ಬ ಆಪರೇಟರ್. ಲೈನಿಗೆ ಸಿಡಿಲು ಬಡಿದರೆ ಬ್ರೇಕರ್ ಎಂಬ ಯಂತ್ರ ರೆಪ್ಪೆ ಬಡಿಯುವುದರೊಳಗೆ ಸಂಪರ್ಕ ಕಡಿಯುತ್ತಿತ್ತು. ಕಡಿಯದಿದ್ದರೆ ಎಲ್ಲವೂ ಸುಟ್ಟುಹೋಗುತ್ತಿತ್ತು. ಕಡಿದದ್ದು ಒಂದು ಉಸಿರು ತಡೆದು ತಾನಾಗಿ ಮತ್ತೆ ಕೂಡುತ್ತಿತ್ತು. ಸಿಡಿಲು ಬಂದ ಹಾಗೇ ಹೋಗುವಂಥದ್ದು, ತಂತಿ ಉಳಿಯುವಂಥದ್ದು. ದೀಪ ಒಮ್ಮೆ ಮಿಟುಕಿದರೆ ಊರವರು ತಲೆಯನ್ನೂ ಎತ್ತುತ್ತಿರಲಿಲ್ಲ.

ಒಂದು ದಿನ ಕರೆಂಟು ಹರಿಯುತ್ತಿರುವಾಗಲೇ ರಿಪೇರಿಗೆಂದು ಲೈನ್‌ಮನ್‌ಗಳು ಟವರ್ ಹತ್ತಿದರು. ಮೇಲೆ ಜನ ಇರುವಾಗ ಕಡಿದ ಲೈನು ತಾನಾಗಿ ಕೂಡಬಾರದು. ಅದಕ್ಕೆಂದೇ ಇದ್ದ ಸ್ವಿಚ್ಚನ್ನು ಆಪರೇಟರ್ ಪದ್ಧತಿಯಂತೆ ತಿರುಗಿಸಿಟ್ಟ. ಅವತ್ತು ಮೇಲೆ ಹತ್ತಿದವರಲ್ಲಿ ಒಬ್ಬನಾದ ಅವನ ಗೆಳೆಯನಿಗೆ ಕರೆಂಟು ತಗುಲಿತು. ಬ್ರೇಕರ್ ಕಡಿಯಿತು, ಮತ್ತೆ ಕೂಡಲಿಲ್ಲ. ಗೆಳೆಯ ಅಂಗೈ ಸುಟ್ಟುಕೊಂಡು ಬದುಕಿದ. ಎಲ್ಲರೂ ಇಳಿದ ಮೇಲೆ ಆಪರೇಟರ್ ಲೈನನ್ನೇನೋ ಜೋಡಿಸಿದ, ಆದರೆ ಆ ಸ್ವಿಚ್ಚನ್ನು ಮೊದಲಿನಂತೆ ಮಾಡಲು ಅವನಿಗೆ ಕೈ ಬರಲಿಲ್ಲ. ಹಾಲಿಗೆ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದನಂತೆ. 'ಇವತ್ತೊಂದು ದಿನ ಹೀಗೇ ಇರಲಿ' ಎಂದುಕೊಂಡ. ಆ ಒಂದು ದಿನ ಮುಂಗಾರಿನವರೆಗೂ ಎಳೆಯಿತು. ಕೊನೆಗೆ ಅವನಿಗೇ ಮರೆತುಹೋಯಿತು.

ಮೊದಲ ಸಿಡಿಲಿಗೆ ಬ್ರೇಕರ್ ಕಡಿಯಿತು, ಕೂಡಲಿಲ್ಲ. ತಂತಿಯೇ ಹರಿದಿರಬೇಕೆಂದು ಹೆದರಿದ ಆಪರೇಟರ್ ಕೈಯಾರೆ ಜೋಡಿಸದೆ ಗುಡ್ಡಕ್ಕೆ ಜನ ಅಟ್ಟಿದ.

ಊರಿನ ಆಸ್ಪತ್ರೆಯಲ್ಲಿ ಅವನ ಮಗಳ ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು ಕರೆಂಟಿನಿಂದ ಬೆಚ್ಚಗಿಡುವ ಪೆಟ್ಟಿಗೆಯಲ್ಲಿತ್ತು. ಜನರೇಟರ್ ಕೂಡ ಅವತ್ತೇ ಮುನಿಸಿಕೊಂಡಿತ್ತು. ಪೆಟ್ಟಿಗೆ ತಣ್ಣಗಾಗತೊಡಗಿತು. ಮಗಳು ಕೂಸನ್ನು ಎದೆಗವಚಿಕೊಂಡಳು. ಅವಳು ಸೋತಾಗ ಪಕ್ಕದ ಹಾಸಿಗೆಯ ಬಾಣಂತಿ, ಆಮೇಲೆ ನರ್ಸಮ್ಮ. ಗುರುತು ಪರಿಚಯವಿಲ್ಲದ ಹೆಂಗಸರು ಅದನ್ನು ತಮ್ಮದೇ ಎಂಬಂತೆ ಕಾಪಾಡಿದರು.

ಸಂಜೆಗೆ ಗುಡ್ಡದಿಂದ ಫೋನು ಬಂತು. "ತಂತಿ ಎಲ್ಲೂ ಹರಿದಿಲ್ರಿ, ಮೊದಲಿನಂಗ ಐತಿ." ಆಗ ಆಪರೇಟರ್ ಅಂದು ತನ್ನ ಕೈಯಿಂದಲೇ ತಿರುಗಿಸಿಟ್ಟಿದ್ದ ಸ್ವಿಚ್ಚನ್ನು ಕಂಡ. ಲೈನು ಜೋಡಿಸಿ, ಪಾಳಿ ಮುಗಿದದ್ದೇ ಆಸ್ಪತ್ರೆಗೆ ಓಡಿದ. ಕೂಸು ಬದುಕಿತ್ತು. ಅದರ ಪಾದ ಹಿಡಿದುಕೊಂಡು ಅತ್ತ.

ಬಸಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೂ ಹಟ ಬಿಡಲಿಲ್ಲ. "ಹಂಗಾರ ಕಡಿದದ್ದು ತಪ್ಪಲ್ಲ, ಹೌದಲ್ರಿ?" ಎಂದಳು.

ಗುರುಗಳು ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ತಪ್ಪಲ್ಲವ್ವಾ, ಸಿಡಿಲು ಹೋಗಿ ಎಷ್ಟು ದಿನಾ ಆತು?"