ದೊರೆಯ ಪಾನಕಕ್ಕೆ ಚಿಟಿಕೆ ಸುಣ್ಣ

"ಕೇಳ್ರಪ್ಪೋ ಕೇಳಿ! ಇವತ್ತಿನಿಂದ ಅರಮನೆಯ ಮುರುಗಲ ಪಾನಕ ಒಂದೇ ಅಪ್ಪಟ ಹಣ್ಣಿನ ಪಾನಕ. ಬೇರೆಯವರು ಮಾರಬೇಕಾದರೆ ದೊರೆಯ ಮೂರು ಒಗಟು ಬಿಡಿಸಬೇಕು. ತಪ್ಪಿದರೆ ತಲೆ ಹೋಗುತ್ತೆ, ಗೆದ್ದರೆ ಕೇಳಿದ್ದು ಸಿಗುತ್ತೆ!"

ಡಂಗುರ ಕೇಳಿ ಮೂವರು ಬಂದರು. ಶರಬತ್ತಿನಂಗಡಿಯ ಗಣಪು ಶೆಟ್ಟಿ, ಕಷಾಯದ ಪರಮಯ್ಯ ಪಂಡಿತ, ಮತ್ತೆ ಗಡಿಗೆ ಹೊತ್ತು ಊರೂರು ಅಲೆದು ಪಾನಕ ಮಾರುವ ಸುಕ್ರ. ಅವನಿಗೆ ಆ ಗಡಿಗೆ ಬಿಟ್ಟರೆ ಬೇರೆ ಅನ್ನವಿಲ್ಲ.

"ಎರಡು ಸಲ ಒಂದೇ ರುಚಿ ಇರೋದಿಲ್ಲ, ಆದರೂ ಸುಳ್ಳಾಡೋದಿಲ್ಲ. ಯಾವುದು?" ಎಂದ ದೊರೆ.

"ನಮ್ಮಾಕೆ ಮಾಡೋ ಸಾರು, ಮಹಾಪ್ರಭು!" ಎಂದ ಶೆಟ್ಟಿ.

ಸಭೆ ನಕ್ಕಿತು. ದೊರೆ ನಗಲಿಲ್ಲ. ಶೆಟ್ಟಿಯನ್ನು ಕಂಬಕ್ಕೆ ಕಟ್ಟಿದರು.

ಸುಕ್ರ ಹೇಳಿದ: "ಹಣ್ಣಿನ ರಸ, ಒಡೆಯಾ. ಮರ ಬೇರೆಯಾದರೆ ಹುಳಿಯೂ ಬೇರೆ. ವರ್ಷವಿಡೀ ಒಂದೇ ರುಚಿ ಅಂದರೆ ಅನುಮಾನ ಪಡಬೇಕು."

"ಸುಮ್ಮನಿದ್ದರೆ ತಳದಲ್ಲಿ ಕೂರುತ್ತೆ, ಕಲಕಿದರೆ ಎದ್ದು ತಾನು ಯಾರ ಮಗಳು ಅಂತ ಹೇಳುತ್ತೆ. ಯಾರವಳು?" ಇದು ದೊರೆಯ ಎರಡನೆಯ ಒಗಟು.

"ಕೆರೆಯ ಕೆಸರು," ಎಂದ ಪಂಡಿತ. ಅವನೂ ಕಂಬಕ್ಕೆ.

"ಪಾನಕದ ಗಸಿ," ಎಂದ ಸುಕ್ರ. "ಹಣ್ಣಿನ ಮಗಳು. ಹಣ್ಣು ಹಿಂಡಿದರೆ ತಿರುಳು ಬಂದೇ ಬರುತ್ತೆ."

ದೊರೆ ತನ್ನ ಬೆಳ್ಳಿ ಬಟ್ಟಲು ಎತ್ತಿದ. "ಇದರಲ್ಲಿ ಮರದ್ದೆಷ್ಟು, ಅರಮನೆಯದ್ದೆಷ್ಟು?"

ಮಂತ್ರಿ ಸುಕ್ರನ ಕಿವಿಗೆ ಬಗ್ಗಿದ. "ಎಲ್ಲಾ ಮರದ್ದೇ ಅಂದುಬಿಡು ಮಾರಾಯಾ, ತಲೆ ಉಳಿಯುತ್ತೆ."

ಸುಕ್ರ ಬಟ್ಟಲಲ್ಲಿ ಇಣುಕಿದ. ಕೆಂಪಗೆ ಫಳಫಳ, ತಳದಲ್ಲಿ ಒಂದು ಚೂರು ಗಸಿಯಿಲ್ಲ.

"ನೀರು ಬಾವಿಯದು, ಒಡೆಯಾ. ಮಿಕ್ಕಿದ್ದೆಲ್ಲಾ ಅರಮನೆಯದ್ದೇ. ಮರದ್ದು ಏನೂ ಇಲ್ಲ."

ಕತ್ತಿಗಳು ಹೊರಬಂದವು.

"ಕಡಿಯೋದಾದರೆ ಕಡೀರಿ. ಅದಕ್ಕೆ ಮೊದಲು ನಿಮ್ಮ ವೀಳ್ಯದ ತಟ್ಟೆಯ ಸುಣ್ಣ ಕೊಡಿ."

ಸುಕ್ರ ತನ್ನ ಗಡಿಗೆಯ ಪಾನಕವನ್ನು ತೆಂಗಿನ ಚಿಪ್ಪಿಗೆ ಬಗ್ಗಿಸಿ, ಒಂದು ಚಿಟಿಕೆ ಸುಣ್ಣ ಹಾಕಿ ಕಲಕಿದ. ಕೆಂಪು ಹೋಗಿ ನೀಲಿಗಪ್ಪಾಯಿತು. ಇನ್ನೊಂದು ಚಿಟಿಕೆ ಬೆಳ್ಳಿ ಬಟ್ಟಲಿಗೆ. ಕೆಂಪು ಕೆಂಪಾಗಿಯೇ ನಿಂತಿತು.

"ಎಲೆಗೆ ಸುಣ್ಣ ಹಚ್ಚಿದ ಕೈಯನ್ನೇ ಗಡಿಗೆಗೆ ಅದ್ದಿ ಪಾನಕ ಕೆಡಿಸಿ, ಅವ್ವನ ಹತ್ತಿರ ಎಷ್ಟು ಬೈಸಿಕೊಂಡಿದ್ದೇನೋ! ಮುರುಗಲ ಬಣ್ಣ ಸುಣ್ಣಕ್ಕೆ ತಿರುಗಲೇಬೇಕು. ನಿಮ್ಮದು ಹಣ್ಣಿನ ಬಣ್ಣವೇ ಅಲ್ಲ."

ಇಡೀ ಸಭೆ ಕಂಡಿತ್ತು. ದೊರೆ ಹಲ್ಲು ಕಚ್ಚಿ, "ಏನು ಬೇಕು, ಕೇಳು," ಎಂದ.

"ಇವರಿಬ್ಬರ ಕಟ್ಟು ಬಿಚ್ಚಿಸಿ. ಡಂಗುರದವನನ್ನು ಮತ್ತೆ ಕಳಿಸಿ, ಈಗ ಕಂಡದ್ದನ್ನೂ ಸಾರಲಿ. ನನ್ನ ಗಡಿಗೆಯನ್ನು ಇನ್ನು ಯಾರೂ ತಡೀಬಾರದು."

ಆ ರಾಜ್ಯದಲ್ಲಿ ಈಗಲೂ ಪಾನಕದ ಗಡಿಗೆಯ ಪಕ್ಕ ಸುಣ್ಣದ ಡಬ್ಬಿ ಇರುತ್ತೆ. ಅರಮನೆಯ ಗಡಿಗೆಯ ಪಕ್ಕದಲ್ಲೂ ಇದೆ. ಈಗ ಅದರ ತಳದಲ್ಲೂ ಗಸಿ ಕೂರುತ್ತೆ.