ಮಹಾರಾಜರು ವೀಣೆಯನ್ನು ನೆಲಕ್ಕಿಳಿಸಿದ್ದು

ಭೀಮಾ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ ಪೂಜ್ಯ ಶ್ರೀ ಮುಕುಂದ ಮಹಾರಾಜರ ಮಠವಿತ್ತು. ಮಠವೆಂದರೆ ತಗಡು ಹೊದಿಸಿದ ಒಂದು ಪಡಸಾಲೆ, ಅದರೊಳಗೆ ಮೊಣಕಾಲೆತ್ತರದ ವಿಠ್ಠಲ, ಹಿಂದೆ ಅಡುಗೆಯ ಚಪ್ಪರ, ಇಷ್ಟೇ. ಸಪ್ತಾಹಕ್ಕೆ ಬಂದ ಪರವೂರಿನವರು ಮಹಾರಾಜರನ್ನು ಗದ್ದುಗೆಯ ಮೇಲೆ ಹುಡುಕಿ ಸೋಲುತ್ತಿದ್ದರು. ಅವರು ಚಪ್ಪರದ ಹಿಂದೆ ಕುಕ್ಕರುಗಾಲಲ್ಲಿ ಕುಳಿತು, ಬೂದಿ ಹಚ್ಚಿ, ಅನ್ನದ ಕೊಪ್ಪರಿಗೆ ತಿಕ್ಕುತ್ತಿರುತ್ತಿದ್ದರು.

ಸಪ್ತಾಹದಲ್ಲಿ ಏಳು ದಿನ ಹಗಲಿರುಳು ನಾಮಸ್ಮರಣೆ ಕಡಿಯಬಾರದು. ಒಬ್ಬರು ವೀಣೆಯನ್ನು ಕೊರಳಿಗೆ ಹಾಕಿಕೊಂಡು ನಿಂತು ನಾಮ ಹೇಳುತ್ತಾರೆ. ತಮ್ಮ ಪಹರೆ ಮುಗಿದಾಗ ಮತ್ತೊಬ್ಬರ ಕೊರಳಿಗೆ ದಾಟಿಸುತ್ತಾರೆ. ಕೊನೆಯ ದಿನದವರೆಗೆ ವೀಣೆ ನೆಲ ಮುಟ್ಟುವಂತಿಲ್ಲ. ಧರಿಸಿದವರ ಬಾಯಲ್ಲಿ ನಾಮವಲ್ಲದೆ ಬೇರೆ ಮಾತು ಬರುವಂತಿಲ್ಲ. ಈ ನೇಮವನ್ನು ತುಳಸವ್ವನಷ್ಟು ಕಟ್ಟುನಿಟ್ಟಾಗಿ ನಡೆಸುವವರು ಆ ಊರಲ್ಲಿ ಯಾರೂ ಇರಲಿಲ್ಲ. ಅವಳ ಮಗ್ಗುಲಲ್ಲಿ ತಾಳ ಹಾಕುವವಳು ಯಾವತ್ತೂ ಗೆಳತಿ ರಖಮವ್ವ. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯಾಗಿ ಬಂದವರು. ತವರಿನ ನೆನಪಾದಾಗ ಒಬ್ಬರ ಮುಂದೊಬ್ಬರು ಅತ್ತು ಹಗುರಾದವರು.

ಆ ವರ್ಷದ ಸಪ್ತಾಹ ಅರ್ಧ ದಾಟಿತ್ತು. ಮಧ್ಯಾಹ್ನದ ಬಿಸಿಲಿಗೆ ತಗಡು ಕಾದಿತ್ತು. ಜನರೆಲ್ಲ ಪ್ರಸಾದಕ್ಕೆ ಚಪ್ಪರಕ್ಕೆ ಹೋಗಿದ್ದರು. ಪಡಸಾಲೆಯಲ್ಲಿ ಉಳಿದವರು ಗೆಳತಿಯರಿಬ್ಬರೇ. ತುಳಸವ್ವ ವೀಣೆಗೆ ಕೊರಳೊಡ್ಡುವಾಗ ರಖಮವ್ವ ಎಂದಿನಂತೆ ಕೆಣಕಿದ್ದಳು: “ಸಣ್ಣ ದನೀಲೆ ಹೇಳವಾ ತುಳಸಿ. ವಿಠ್ಠಲ ಕಿವುಡ ಅಲ್ಲ. ನಿನ್ನ ಮಗ್ಗಲದಾಗ ನಿಂತು ನಾ ಕಿವುಡಿ ಆಗ್ತೀನಿ!”

ತುಸು ಹೊತ್ತಿನಲ್ಲೇ ತಾಳ ತಪ್ಪಿತು. ಆಮೇಲೆ ಕೈಯಿಂದ ಜಾರಿ ಬಿತ್ತು. ತುಳಸವ್ವ ತಿರುಗಿ ನೋಡಿದರೆ, ರಖಮವ್ವ ಕಂಬಕ್ಕೊರಗಿ ಕುಸಿದಿದ್ದಾಳೆ. ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ. ಏನೋ ಹೇಳಲು ತುಟಿ ಎಳೆಯುತ್ತಿದ್ದಾಳೆ, ಶಬ್ದ ಬರುತ್ತಿಲ್ಲ. ಕಣ್ಣು ಮಾತ್ರ ಗೆಳತಿಯ ಮೇಲೇ ನೆಟ್ಟಿವೆ.

ತುಳಸವ್ವ ಓಡಬೇಕೆಂದರೆ ಕೊರಳಲ್ಲಿ ವೀಣೆ. ಕೂಗಬೇಕೆಂದರೆ ನಾಮ ಕಡಿಯುತ್ತದೆ. ‘ಪಾಂಡುರಂಗಾ, ಪರೀಕ್ಷೆ ಮಾಡಾಕತ್ತಿಯೇನು? ನಾ ನಿನ್ನ ನಾಮ ಬಿಡೂದಿಲ್ಲ, ನೀ ಆಕೀನ್ನ ಬಿಡಬ್ಯಾಡ’ ಎಂದು ಮನಸ್ಸಿನಲ್ಲೇ ಮೊರೆಯಿಟ್ಟು, ಗೆಳತಿಯ ಬಳಿ ಸರಿದು ನಿಂತು, ಇದ್ದ ಶಕ್ತಿಯೆಲ್ಲ ಹಾಕಿ ನಾಮ ಹೇಳತೊಡಗಿದಳು. ಕಣ್ಣೀರು ವೀಣೆಯ ಮೇಲೆ ಸುರಿಯುತ್ತಿತ್ತು. ಯಾರಾದರೂ ಬರಲಿ ಎಂದು ದನಿ ಏರಿಸಿದಳು. ಇನ್ನೂ ಏರಿಸಿದಳು.

ಚಪ್ಪರದಲ್ಲಿ ಉಣ್ಣುತ್ತಿದ್ದ ಹೆಂಗಸರು ನಕ್ಕರು. “ತುಳಸವ್ವಗ ಇವತ್ತ ಭಕ್ತಿ ಉಕ್ಕೇರೇತಿ ನೋಡ್ರೆವಾ! ಪಂಢರಾಪುರಕ್ಕ ಕೇಳಸ್ತೈತಿ!” ಯಾರೂ ಎಲೆ ಬಿಟ್ಟು ಏಳಲಿಲ್ಲ.

ಎಷ್ಟೋ ಹೊತ್ತಿನ ಮೇಲೆ, ಕೊಪ್ಪರಿಗೆ ತಿಕ್ಕುತ್ತಿದ್ದ ಮಹಾರಾಜರ ಕೈ ನಿಂತಿತು. ಆ ದನಿಯಲ್ಲಿದ್ದದ್ದು ಭಕ್ತಿಯಲ್ಲ, ಗಾಬರಿ ಎಂದು ಅವರಿಗೆ ತಿಳಿಯಿತು. ಬೂದಿಗೈಯಲ್ಲೇ ಓಡಿ ಬಂದರು. ಒಮ್ಮೆ ರಖಮವ್ವನನ್ನು ನೋಡಿದರು. ಮರುಕ್ಷಣವೇ ತುಳಸವ್ವನ ಕೊರಳಿನಿಂದ ವೀಣೆಯನ್ನು ತೆಗೆದು ನೆಲದ ಮೇಲಿಟ್ಟರು.

ಹಿಂದೆಯೇ ಬಂದ ಜನ ಹೌಹಾರಿತು. ಹಿರಿಯರಾದ ನರಸಗೌಡರು ತಲೆಯ ಮೇಲೆ ಕೈಹೊತ್ತರು: “ಯಪ್ಪಾ, ಏನ ಮಾಡಿದ್ರಿ! ಸಪ್ತಾಹ ಭಂಗ ಆತಲ್ರಿ!”

ಮಹಾರಾಜರು ರಖಮವ್ವನ ತಲೆಯನ್ನು ತಮ್ಮ ತೊಡೆಯ ಮೇಲೆ ಎತ್ತಿಕೊಂಡು ಹೇಳಿದರು: “ವಿಠ್ಠಲ ತಾಯಿ-ತಂದಿ ಸೇವಾ ಮಾಡೂ ಭಕ್ತನ ಸಲುವಾಗಿ ಇಟ್ಟಂಗಿ ಮ್ಯಾಲೆ ನಿಂತು ಕಾದಾಂವ, ಅಂವಗ ರೂಢಿ ಐತಿ. ಈಕಿಗೆ ಕಾಯೂ ಹೊತ್ತಿಲ್ಲ. ಟಂಟಂ ತರ್ರಿ.”

ಟಂಟಂ ಗಾಡಿ ಹೊರಟಾಗ ಮಹಾರಾಜರು ತುಳಸವ್ವನಿಗೆ ಹೇಳಿದ್ದಿಷ್ಟೇ: “ಕೈ ಹಿಡಕೋ. ಕಿವ್ಯಾಗ ನಾಮ ಹೇಳಕೋತ ಹೋಗು.” ತಾಲೂಕಿನ ದವಾಖಾನೆಯವರೆಗೂ ಅವಳು ಹಾಗೆಯೇ ಹೋದಳು.

ಜೀವ ಉಳಿಯಿತು. ಆದರೆ ಲಕ್ವಾ ಹೊಡೆದ ಬಲಗೈ ಏಳಲಿಲ್ಲ, ಮಾತೂ ಮರಳಲಿಲ್ಲ. “ಬಿದ್ದ ಕೂಡಲೇ ಯಾಕ ತರಲಿಲ್ಲವಾ? ಜಲ್ದಿ ತಂದಿದ್ರ ಇಷ್ಟ ಆಗತಿರಲಿಲ್ಲೇನೋ” ಎಂದರು ಡಾಕ್ಟರು.

ತುಳಸವ್ವ ಮಠಕ್ಕೆ ಮರಳಿ ಮಹಾರಾಜರ ಪಾದದ ಮೇಲೆ ಬಿದ್ದಳು. “ನಾ ಆಕಿ ಸಲುವಾಗೇ ಬೇಡಿಕೊಳ್ಳಾಕತ್ತಿದ್ನಿರಿ ಯಪ್ಪಾ. ಆಕಿ ನನ್ನ ನೋಡಾಕತ್ತಿದ್ಲು. ನಾ ಹಾಡಾಕತ್ತಿದ್ದೆ.”

ಮಹಾರಾಜರು ಅವಳನ್ನು ಎತ್ತಿ ಕೂರಿಸಿದರು. ಅವರ ಕಣ್ಣು ತುಂಬಿದ್ದವು. “ವೀಣಾ ಹೆಂಗ ಹಿಡೀಬೇಕು ಅಂತ ನಿಮಗ ಕಲಿಸಿದಾಂವ ನಾನು. ಯಾವಾಗ ಇಳಸಬೇಕು ಅಂತ ಕಲಿಸಲಿಲ್ಲ. ಇದರಾಗ ನನ್ನ ಪಾಲೂ ಐತಿ ತಾಯಿ” ಎಂದರು. ಹೋದದ್ದು ಹೋಯಿತು, ಮರೆತುಬಿಡು ಎಂದು ಮಾತ್ರ ಅವರು ಹೇಳಲಿಲ್ಲ.

ರಖಮವ್ವನ ಮಗ ಸೊಸೆ ಹೊತ್ತು ಹುಟ್ಟುವ ಮುಂಚೆ ಕೂಲಿಗೆ ಹೋಗುವವರು. ಅಂದಿನಿಂದ ಮಧ್ಯಾಹ್ನ ಗೆಳತಿಗೆ ಉಣಿಸುವ ಕೆಲಸ ತುಳಸವ್ವನದಾಯಿತು. ಕೆಲವು ದಿನ ರಖಮವ್ವ ಸಿಟ್ಟಿನಿಂದ ಎಡಗೈಯಲ್ಲಿ ಬಟ್ಟಲು ತಳ್ಳಿಬಿಡುತ್ತಿದ್ದಳು. ಅದು ರೋಗದ ಸಿಟ್ಟೋ ತನ್ನ ಮೇಲಿನ ಸಿಟ್ಟೋ, ತುಳಸವ್ವನಿಗೆ ತಿಳಿಯುತ್ತಿರಲಿಲ್ಲ. ನೆಲ ಒರೆಸಿ ಮತ್ತೆ ಅಂಬಲಿ ತರುತ್ತಿದ್ದಳು.

ಮರುವರ್ಷ ಸಪ್ತಾಹದ ದಿಂಡಿ ಮೆರವಣಿಗೆ ರಖಮವ್ವನ ಓಣಿಯಲ್ಲಿ ಬಂತು. ಮುಂದೆ ಮಹಾರಾಜರು, ಹಿಂದೆ ತಾಳ ಮೃದಂಗ. ಬಾಗಿಲಲ್ಲಿ ಅವರನ್ನು ಕಂಡು ತುಳಸವ್ವ ಬಟ್ಟಲು ಕೆಳಗಿಟ್ಟು ಏಳಹೋದಳು. ಮಹಾರಾಜರು ಕೈಯೆತ್ತಿ ತಡೆದರು.

“ಉಣಸು. ನಾ ನಿಂದರ್ತೀನಿ.”

ತಾಳ ಮೃದಂಗ ನಿಂತವು. ಓಣಿಯ ತುಂಬ ಜನ ಬಿಸಿಲಲ್ಲಿ ನಿಂತರು. ಒಳಗೆ ತುಳಸವ್ವ ಒಂದು ತುತ್ತು ಕೊಟ್ಟು, ಗೆಳತಿಯ ಕಿವಿಗಷ್ಟೇ ಕೇಳುವಂತೆ ನಾಮ ಹೇಳಿ, ಆ ತುಟಿಗಳನ್ನು ನೋಡುತ್ತ ಕುಳಿತಳು. ತುಟಿ ಅಲುಗಿದವು. ಶಬ್ದ ಬರಲಿಲ್ಲ. ಅವಳು ಸೆರಗಿನಿಂದ ಗೆಳತಿಯ ಬಾಯಿ ಒರೆಸಿ, ಇನ್ನೊಂದು ತುತ್ತು ಕಲಸಿದಳು.